ಮೂರ್ನಾಡಿನಲ್ಲಿ ಇಳಿದದ್ದು

ಆರು ವರ್ಷ ನಾನವನಿಗೆ ಹೇಳಿದ್ದು ಒಂದೇ ಮಾತು:
"ಸರಿಯಾಗಿರು."
ಎಲ್ಲಿ ಸರಿ, ಎಷ್ಟು ಸರಿ, ಯಾರ ಸರಿ
ಅವನು ಕೇಳಲಿಲ್ಲ.
ಮಡಿಕೇರಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ
ಮೀಟರು ಹಿಡಿದು ಕತ್ತರಿ ಹಾಕುವವಳು
ಮಗನಿಗೆ ಮಾತ್ರ ಅಳೆಯದೆ ಹರಿದು ಕೊಟ್ಟೆ.

ಕೊಂದೇಬಿಡುತ್ತೇನೆ ಎಂದಿದ್ದೆ, ಕೊಲ್ಲಲಿಲ್ಲ.
ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದಿದ್ದೆ,
ಪೊಲೀಸ್ ಕ್ವಾರ್ಟರ್ಸಿನ ಹುಡುಗರ ಜೊತೆಯೇ
ಅವನ ಗೋಲಿಯಾಟ.
ಅಮ್ಮನ ಮಾತಿಗೆ ಬುಡವಿಲ್ಲವೆಂದು
ಮೂರು ತುಂಬುವಷ್ಟರಲ್ಲೇ ಅವನಿಗೆ ಗೊತ್ತಿತ್ತು.

ದೇಚಮ್ಮನ ಮದುವೆಯ ಹಿಂದಿನ ರಾತ್ರಿ
ಅಕ್ಕಿ ಡಬ್ಬದ ಮೇಲೆ ಕೂರಿಸಿದೆ.
"ಬಿದ್ದಪ್ಪ, ಕೇಳು.
ಉಗುಳುವುದು, ಬಾಗಿಲು ಬಡಿಯುವುದು ಆಮೇಲೆ ನೋಡೋಣ.
ಈಗ ಒಂದೇ ಒಂದು.
ಹಲ್ಲು ಇರುವುದು ಊಟಕ್ಕೆ, ಮನುಷ್ಯರಿಗಲ್ಲ.
ಕಚ್ಚಿದೆಯೋ, ಎಲ್ಲಿದ್ದೇವೋ ಅಲ್ಲಿಂದಲೇ ವಾಪಸು."

"ಕಬ್ಬು?"
"ಕಚ್ಚು."
"ದಿಂಬು?"
"ಸಿಟ್ಟು ಬಂದರೆ ಕಚ್ಚು."
"ನನ್ನ ಕೈ? ನನ್ನದೇ?"
ಲೈಟಿನ ಕೆಳಗೆ ಆ ಪುಟ್ಟ ಮಣಿಕಟ್ಟು ನೋಡಿದೆ.
ಹಳೆಯ ಗುರುತುಗಳು, ಎರಡು ಸಾಲು.
ಎಷ್ಟು ದಿನದಿಂದಲೋ.
"ಅದೂ ಬೇಡ," ಅಂದೆ. ದನಿ ಸಣ್ಣಗಾಗಿತ್ತು.

ಬೆಳಿಗ್ಗೆ ವಿರಾಜಪೇಟೆ ಬಸ್ಸು.
ಹಿಂದಕ್ಕೆ ಹಾಕಿದ ನೆರಿಗೆ ಮುದುಡದ ಹಾಗೆ
ಸೀಟಿನ ಅಂಚಿಗೆ ಅಂಟಿ ಕೂತಿದ್ದೆ.
ಮೇಕೇರಿ ದಾಟಿತು. ಹಾಕತ್ತೂರು ದಾಟಿತು.
ಕಿಟಕಿಯ ಜಾಗಕ್ಕೆ ಜಗಳ,
ಎದುರು ಸೀಟಿನ ಹುಡುಗಿಯ ಚೀರು.
ತೋಳಿನ ಮೇಲೆ ಎಂಟು ಹಲ್ಲು, ಒದ್ದೆ, ಕೆಂಪು.

ಬಸ್ಸಿನ ತುಂಬ ನ್ಯಾಯಾಧೀಶರು.
ಎರಡು ಬಿಗಿಯಿರಿ, ಎಂದರು ಒಬ್ಬರು.
ಪಾಪ, ಮಗು ಅಲ್ವಾ, ಎಂದರು ಇನ್ನೊಬ್ಬರು.
ಆ ಹುಡುಗಿಯ ಅಜ್ಜಿ ಏನೂ ಅನ್ನಲಿಲ್ಲ,
ನನ್ನನ್ನೇ ನೋಡಿದರು.
ಮದುವೆ ಮನೆ ಇನ್ನು ಅರ್ಧ ಗಂಟೆ.
ಯಾರು ಕೇಳಿಸಿಕೊಂಡಿದ್ದಾರೆ ನಿನ್ನೆಯ ಮಾತು?
ಅಕ್ಕಿ ಡಬ್ಬ, ನಾನು, ಅವನು.

"ಮೂರ್ನಾಡಲ್ಲಿ ಇಳಿಸಿ."
"ಟಿಕೆಟ್ ವಿರಾಜಪೇಟೆಗಲ್ವಾ ಅಕ್ಕಾ?"
"ಹೌದು. ಇಳಿಸಿ."

ಮದುವೆ ಸೀರೆಯಲ್ಲಿ, ಉಡುಗೊರೆಯ ಕುಕ್ಕರ್ ಹೊತ್ತು
ರಸ್ತೆಯ ಈಚೆ ಇಳಿದು, ಆಚೆ ದಾಟಿ
ಬಂದ ದಿಕ್ಕಿನ ಬಸ್ಸಿಗೆ ನಿಂತೆವು.
"ನಿಜವಾಗ್ಲೂ ಇಳಿದ್ವಾ?" ಅಂದ.
"ನಿಜವಾಗ್ಲೂ."
ಹೋದ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕಾದು
ಆಮೇಲೆ ಅತ್ತ.
ನಾನು ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ.
ಹೇಳುವುದು ನಿನ್ನೆಯೇ ಮುಗಿದಿತ್ತು.
ನನಗೂ ಕಣ್ಣು ತುಂಬಿತ್ತು, ಸುಳ್ಳೇಕೆ,
ಪಂದಿ ಕರಿ ನೆನೆದು, ಕಡಂಬುಟ್ಟು ನೆನೆದು,
ಎಲ್ಲಿದ್ದೀಯೇ ಎಂದು ಫೋನಿನಲ್ಲಿ
ಮೂರು ಸಲ ಕೂಗಿದ ದೇಚಮ್ಮನನ್ನು ನೆನೆದು.

ಬೇಕರಿಯಲ್ಲಿ ಒಂದು ಮೊಟ್ಟೆ ಪಫ್ಸು, ಅರ್ಧರ್ಧ.
ಕಚ್ಚುವ ಮುಂಚೆ ಕೇಳಿದ,
"ಇದು ಊಟ ತಾನೇ?"

ಒಂದೇ ದಿನಕ್ಕೆ ಗೆದ್ದೆ ಎಂದು ಬರೆದರೆ
ಪಕ್ಕದ ಮನೆಯ ಪೂವಕ್ಕ ನಗುತ್ತಾಳೆ.
ಮುಂದಿನ ಬುಧವಾರ ಅವಳ ಮಗನನ್ನೇ ಕಚ್ಚಿದ.
ಆಟ ಅಲ್ಲಿಗೇ ಬಿಟ್ಟು ಮನೆಗೆ ಕರೆತಂದೆ,
ದಾರಿಯುದ್ದಕ್ಕೂ ಒದ್ದ, ಚಪ್ಪಲಿ ಚರಂಡಿಗೆ ಎಸೆದ.
ಚಪ್ಪಲಿಯ ಬಗ್ಗೆ ನಾವಿನ್ನೂ ಮಾತಾಡಿಲ್ಲ.

ನಿನ್ನೆ ಸಂಜೆ ಟಿವಿ ಆರಿಸಿದೆ.
ಹಾರಿ ಬಂದು ನನ್ನ ಮೊಣಕೈ ಹಿಡಿದ,
ಬಾಯಿ ತೆರೆದ, ಉಸಿರು ಬಿಸಿಯಾಗಿ ತಾಗಿತು.
ಹಾಗೇ ನಿಂತ.
ಕಣ್ಣು ಮಾತ್ರ ಮೇಲೆತ್ತಿ
ತೆರೆದ ಬಾಯಲ್ಲೇ ತೊದಲಿದ,
"ಅಮ್ಮಾ, ಇದು ಮೂರ್ನಾಡಾ?"

"ಹೌದು ಮಗ, ಬಂದೇಬಿಟ್ಟಿತು," ಅಂದೆ.
ದಿಂಬು ಹುಡುಕಿಕೊಂಡು ಒಳಗೆ ಓಡಿದ.